ಕಾಯುವವರ ಸಂಖ್ಯೆ ಸೊನ್ನೆ

ಬೆಳಗ್ಗೆ ಎಂಟಕ್ಕೆ ಫೋನ್ ಮಾಡಬೇಕು. ಎಂಟಕ್ಕೆ ಮುಂಚೆ ಮಾಡಿದರೆ ಎತ್ತುವುದಿಲ್ಲ. ಎಂಟೂವರೆ ದಾಟಿದರೆ ಹೆಸರು ಹೋಯಿತು. ಒಂದೇ ಒಂದು ದಿನ ತಪ್ಪಿದರೂ ಹೋಯಿತು, ಮತ್ತೆ ಪಟ್ಟಿಯ ಬಾಲದಿಂದ ಶುರು. ಮನೆಯವರು ಮಾಡಿದರೆ ನಡೆಯುವುದಿಲ್ಲ. ಕುಡಿಯುವವನೇ ತನ್ನ ಬಾಯಿಂದ ಹೇಳಬೇಕು, ನನಗೆ ಬೆಡ್ ಬೇಕು ಅಂತ. ಬಿಡುವ ಮನಸ್ಸು ನಿಜವಾಗಿಯೂ ಇದೆಯೋ ಇಲ್ಲವೋ ಸರ್ಕಾರಕ್ಕೆ ಗೊತ್ತಾಗಬೇಡವೇ? ಕಾಲು ಮುರಿದುಕೊಂಡು ಬಂದವನನ್ನು ಯಾರೂ ಹೀಗೆ ಕೇಳುವುದಿಲ್ಲ. ಒಂದು ತಿಂಗಳು ದಿನಾ ಫೋನ್ ಮಾಡಪ್ಪ, ನಿನಗೆ ಕಾಲು ಬೇಕೇ ಬೇಕು ಅಂತ ಖಾತ್ರಿಯಾಗಲಿ, ಆಮೇಲೆ ನೋಡೋಣ ಅನ್ನುವುದಿಲ್ಲ.

ರೋಲಿ ವಬೂಸ್ ಇಪ್ಪತ್ತಾರನೆಯ ದಿನ ಫೋನ್ ಮಾಡುತ್ತಿದ್ದ. ಅಡುಗೆಮನೆಯ ಮೇಜಿಗೆ ಎದೆ ಒತ್ತಿಕೊಂಡು ಕೂತಿದ್ದ. ಕೈ ನಡುಗಿ ಫೋನ್ ಬೀಳದಿರಲೆಂದು ಅವನ ಚಿಕ್ಕಮ್ಮ ಡೆಲ್ಫಿನ್ ಅವನ ಮಣಿಕಟ್ಟು ಹಿಡಿದುಕೊಂಡಿದ್ದಳು.

"ಹೆಸರು?" ಆ ಕಡೆಯಿಂದ ಪ್ಯಾಟಿಯ ದನಿ. ಕುಡಿತ ಬಿಡಿಸುವ ಡಿಟಾಕ್ಸ್ ಮನೆಯ ಫೋನ್ ಎತ್ತುವವಳು ಅವಳೇ. ಇಪ್ಪತ್ತಾರು ದಿನದಿಂದ ಇವನ ದನಿ ಕೇಳಿದವಳು. ಸ್ಕೂಲಿನಲ್ಲಿ ಇವನಿಗಿಂತ ಎರಡು ಕ್ಲಾಸು ಮುಂದಿದ್ದವಳು.

"ರೋಲಿ ವಬೂಸ್."

"ಏನು ಬೇಕು?"

"ಬೆಡ್ ಬೇಕು."

"ಇವತ್ತು ಇಲ್ಲ. ಪಟ್ಟೀಲಿ ಎರಡನೆಯವನು ನೀನು. ನಾಳೆ ಮಾಡು."

ಫೋನ್ ಇಟ್ಟ. ಹಣೆಯ ಬೆವರು ಒರೆಸಿಕೊಂಡು ನಕ್ಕ. "ಎರಡನೆಯವನಂತೆ ಚಿಕ್ಕಮ್ಮ. ಸ್ಕೂಲಲ್ಲಿ ಒಂದು ದಿನಾನೂ ಎರಡನೆಯವನಾಗಿರಲಿಲ್ಲ ನಾನು."

"ಅಲ್ಲಿ ಕೊನೆಯಿಂದ ಎಣಿಸಿದ್ರೆ ಆಗ್ತಿದ್ದೆ," ಅಂದಳು ಡೆಲ್ಫಿನ್. "ಬಾಯಿ ತೆಗಿ."

ಕೆಮ್ಮಿನ ಔಷಧಿಯ ಅಳತೆ ಬಟ್ಟಲಿನಲ್ಲಿ ಮೂವತ್ತು ಎಂ.ಎಲ್. ಗೆರೆಯವರೆಗೆ ವೋಡ್ಕಾ ಹೊಯ್ದಿದ್ದಳು. ಅವನ ತಲೆಯನ್ನು ಹಿಂದಿನಿಂದ ಹಿಡಿದು ಕುಡಿಸಿದಳು. ನಾಲ್ಕು ಗಂಟೆಗೊಮ್ಮೆ, ಏಳಕ್ಕೆ, ಹನ್ನೊಂದಕ್ಕೆ, ಮೂರಕ್ಕೆ, ಏಳಕ್ಕೆ. ಇವತ್ತು ಒಂದು ಗಂಟೆ ತಡವಾಗಿತ್ತು, ಅದಕ್ಕೇ ಆ ನಡುಕ. ಆಸ್ಪತ್ರೆಯ ಡಾಕ್ಟರೇ ಹೇಳಿ ಕಳಿಸಿದ್ದು. ಇಷ್ಟು ಕುಡಿದವನು ಒಮ್ಮೆಗೇ ಬಿಟ್ಟರೆ ಫಿಟ್ಸ್ ಬಂದು ಸಾಯುತ್ತಾನೆ; ಬೆಡ್ ಸಿಗುವ ತನಕ ಅಳೆದು ಕೊಡಿ, ಹೆಚ್ಚೂ ಬೇಡ, ಕಡಿಮೆಯೂ ಬೇಡ. ಹಾಗೆ ಹೇಳಿ ಪರದೆ ಸರಿಸಿ ಮುಂದಿನವರ ಹತ್ತಿರ ಹೋಗಿದ್ದ.

ಹನ್ನೊಂದು ವರ್ಷದಿಂದ ಡೆಲ್ಫಿನ್ ಹೆಂಡ ಮುಟ್ಟಿರಲಿಲ್ಲ. ಈಗ ದಿನಕ್ಕೆ ನಾಲ್ಕೈದು ಸಲ ಬಾಟಲಿಯ ಮುಚ್ಚಳ ತಿರುಗಿಸಬೇಕು. ವಾಸನೆ ಬೆರಳಿಗೆ ಅಂಟುತ್ತಿತ್ತು. ಪ್ರತಿ ಸಲವೂ ಕೈಗೆ ಸೋಪು ಹಚ್ಚಿ ಬಿಸಿನೀರಲ್ಲಿ ತಿಕ್ಕುತ್ತಿದ್ದಳು. ಬೆರಳ ಸಂದಿಯ ಚರ್ಮ ಬಿರಿದು ರಕ್ತ ಬರುತ್ತಿತ್ತು. ಬಾಟಲಿಯನ್ನು ಮನೆಯಲ್ಲಿ ಬಿಟ್ಟು ಹೋಗುವಂತಿರಲಿಲ್ಲ, ರೋಲಿ ಪೂರ್ತಿ ಮುಗಿಸಿಬಿಡುತ್ತಾನೆ. ಆದ್ದರಿಂದ ಹೋದಲ್ಲೆಲ್ಲ ಅದು ಅವಳ ಕೋಟಿನ ಒಳಜೇಬಿನಲ್ಲಿರುತ್ತಿತ್ತು. ಕುಡಿಯುವ ಕಾಲದಲ್ಲೂ ಅವಳು ಹೀಗೆ ಬಾಟಲಿ ಹೊತ್ತು ತಿರುಗಿದವಳಲ್ಲ.

ಮೂರು ವರ್ಷದ ಹಿಂದೆ ರೋಲಿಯ ತಾಯಿ ಲೆನೋರ್ ಇದೇ ಪಟ್ಟಿಯಲ್ಲಿದ್ದಳು. ಹನ್ನೆರಡು ದಿನ ಫೋನ್ ಮಾಡಿ ಬೇಸತ್ತು, ನಾನೇ ಬಿಡ್ತೀನಿ, ಇವರ ಹಂಗು ಯಾಕೆ ಅಂದಳು. ಬಿಟ್ಟಳು. ಮೂರನೆಯ ದಿನ ಬಚ್ಚಲಿನಲ್ಲಿ ಫಿಟ್ಸ್ ಬಂದು ನಾಲಗೆ ಕಚ್ಚಿಕೊಂಡು ಸತ್ತಿದ್ದಳು. ಬಾಗಿಲು ಒಡೆದು ಅಕ್ಕನನ್ನು ಹೊರಗೆ ಎಳೆದವಳು ಡೆಲ್ಫಿನ್.

ಅಕ್ಕನ ಮಗ ಹಾಗೆ ಸಾಯಬಾರದು. ಅವಳಿಗೆ ಬೇಕಾದದ್ದು ಇಷ್ಟೇ.

*

ಡಿಟಾಕ್ಸ್ ಮನೆಯಲ್ಲಿ ಇದ್ದದ್ದು ಆರು ಬೆಡ್. ಊರು ಚಿಕ್ಕದಲ್ಲ, ಮರದ ಮಿಲ್ಲು ಮುಚ್ಚಿದ ಮೇಲೆ ಕುಡಿಯುವವರ ಮಟ್ಟಿಗೆ ಇನ್ನೂ ದೊಡ್ಡದಾಯಿತು. ಡೆಲ್ಫಿನ್ ಅಲ್ಲೇ ಕೆಲಸಕ್ಕಿದ್ದಳು. ವಾಂತಿ ಬಳಿಯುವುದು, ಉಚ್ಚೆಯಾದ ಚಾದರ ಒಗೆಯುವುದು, ಮೈಮೇಲೆ ಹುಳ ಹರಿದಂತಾಗಿ ಕಿರುಚುವವರ ಪಕ್ಕ ಕೂತು ಕೈ ಹಿಡಿದುಕೊಳ್ಳುವುದು. ಕಾಗದದಲ್ಲಿ ಅವಳ ಹುದ್ದೆಯ ಹೆಸರು 'ಅನುಭವಸ್ಥ ಒಡನಾಡಿ'. ಅಂದರೆ ಹಿಂದೆ ಕುಡಿಯುತ್ತಿದ್ದವಳು. ಮಿಕ್ಕವರಿಗೆ ಓದು ಅರ್ಹತೆ, ಇವಳಿಗೆ ಚರಂಡಿಗೆ ಬಿದ್ದದ್ದೇ ಅರ್ಹತೆ. ಮಿಕ್ಕವರಿಗೆ ಸಂಬಳ, ಇವಳಿಗೆ ವಾರಕ್ಕೊಂದು ಕಾಫಿ ಅಂಗಡಿಯ ಉಡುಗೊರೆ ಕಾರ್ಡು. ಕೈಗೆ ದುಡ್ಡು ಕೊಟ್ಟರೆ ಇಂಥವರು ಎಲ್ಲಿ ಮತ್ತೆ ಕುಡಿದುಬಿಡುತ್ತಾರೋ ಅನ್ನುವ ಕಾಳಜಿ.

ಅವತ್ತು ಅವಳು ಬಕೆಟ್ ಹಿಡಿದು ಮೊಣಕಾಲೂರಿ ನೆಲ ತಿಕ್ಕುತ್ತಿದ್ದಾಗ ಮೆರಿಡಿತ್ ಬಂದಳು. ರಾಜಧಾನಿಯಿಂದ ಬಂದ ಅಧಿಕಾರಿ. ಮಾನಸಿಕ ಆರೋಗ್ಯ ಮತ್ತು ವ್ಯಸನ ಚಿಕಿತ್ಸೆಯನ್ನು ಊರೂರಿಗೆ ವಿಸ್ತರಿಸುವ ಅನುದಾನವನ್ನು ನಾಳೆ ಮಂತ್ರಿ ಇಲ್ಲೇ ಘೋಷಿಸುವವರಿದ್ದರು. ಅದರ ಏರ್ಪಾಡೆಲ್ಲ ಇವಳದು. ಮೂಗು ಮುಚ್ಚಿಕೊಳ್ಳಬಾರದು ಅಂತ ಗಟ್ಟಿಮನಸ್ಸು ಮಾಡಿಕೊಂಡು ನಿಂತಿದ್ದಳು. ಕೈಯಲ್ಲಿ ಕೆಂಪು ಬಟ್ಟೆಯ ಪುಟ್ಟ ಗಂಟು.

"ಡೆಲ್ಫಿನ್, ಇದು ನಿಮಗೆ. ಹೊಗೆಸೊಪ್ಪು."

ಅರ್ಧ ದಿನದ ತರಬೇತಿಯಲ್ಲಿ ಕಲಿತು ಬಂದಿದ್ದಳು. ಡೆಲ್ಫಿನ್‌ಳಂಥ ಅನಿಶಿನಾಬೆ ಆದಿವಾಸಿಗಳ ಹತ್ತಿರ ಏನಾದರೂ ಕೇಳಿಕೊಳ್ಳುವಾಗ ಹೊಗೆಸೊಪ್ಪು ಕೊಡಬೇಕು, ಅವರು ಕೈಯಲ್ಲಿ ತೆಗೆದುಕೊಂಡರೆ ವೀಳ್ಯ ಹಿಡಿದ ಹಾಗೆ, ಒಪ್ಪಿದರು ಎಂದೇ ಅರ್ಥ. ಅಷ್ಟು ಕಲಿತಿದ್ದಳು. ಹೊಗೆಸೊಪ್ಪು ಹಿಡಿದ ಮೇಲೆ ಆ ವಿಷಯದಲ್ಲಿ ಸುಳ್ಳಾಡಬಾರದು ಅನ್ನುವುದನ್ನು ಪ್ರಾಯಶಃ ಊಟದ ನಂತರದ ಅರ್ಧ ದಿನಕ್ಕೆ ಇಟ್ಟುಕೊಂಡಿದ್ದರು.

ಡೆಲ್ಫಿನ್ ಕೈಗವಸು ತೆಗೆಯಲಿಲ್ಲ. "ಏನು ಕೇಳ್ಬೇಕು?"

"ನಾಳೆ ಮಂತ್ರಿಗಳ ಪಕ್ಕ ನಿಂತು ನಾಲ್ಕು ಮಾತು ಆಡ್ಬೇಕು. ನಿಮ್ಮ ಸತ್ಯಾನ ನೀವು ಹೇಳ್ಬೇಕು. ಹೃದಯದಿಂದ."

"ನನ್ನ ಸತ್ಯಾನಾ?"

"ನೀವು ಬಾಳಿ ಬಂದ ಅನುಭವ. ಅದಕ್ಕೆ ಬೆಲೆ ಕಟ್ಟೋಕಾಗಲ್ಲ."

ಅದಕ್ಕೇ ಯಾರೂ ಕಟ್ಟಿರಲಿಲ್ಲ. "ನನ್ನ ಅಕ್ಕನ ಮಗನಿಗೆ ಬೆಡ್ ಬೇಕು," ಅಂದಳು ಡೆಲ್ಫಿನ್.

"ಮತ್ತೆ, ನಾವು ಬರ್ತಿರೋದು ಯಾಕೆ ಹೇಳಿ? ಹತ್ತು ಹೊಸ ಬೆಡ್! ನಾಳೆ ನೀವೇ ಕಣ್ಣಾರೆ ನೋಡ್ತೀರ."

ಡೆಲ್ಫಿನ್ ಎದ್ದಳು. ಕೈಗವಸು ತೆಗೆದಳು. ಬಿರಿದ ಕೈಯಲ್ಲಿ ಕೆಂಪು ಗಂಟು ತೆಗೆದುಕೊಂಡಳು.

"ಆಮೇಲೆ, ನಿಮ್ಮವರು ಹಾಕ್ತಾರಲ್ಲ, ರಿಬ್ಬನ್ ಹೊಲಿದಿರೋ ಲಂಗ, ಅದನ್ನ ಹಾಕ್ಕೊಂಡು ಬಂದ್ರೆ ತುಂಬಾ ಚೆನ್ನಾಗಿರುತ್ತೆ," ಅಂದಳು ಮೆರಿಡಿತ್. "ಒತ್ತಾಯ ಏನಿಲ್ಲ."

ಹೊರಡುವಾಗ ಅವಳು ಪ್ಯಾಟಿಗೂ ಹೇಳಿದಳು. ನಾಳೆ ಸಿಬ್ಬಂದಿಯೆಲ್ಲ ಏಳೂವರೆಗೇ ಸಭಾಂಗಣದಲ್ಲಿರಬೇಕು, ಎಲ್ಲರಿಗೂ ಹೊಸ ಟೀ ಶರ್ಟ್ ಇದೆ, ಮಂತ್ರಿಗಳ ಹಿಂದೆ ಸಾಲಾಗಿ ನಿಲ್ಲಬೇಕು. ಪ್ಯಾಟಿ ಮೆಲ್ಲಗೆ ಕೇಳಿದಳು, "ಫೋನು?"

"ಒಂದು ಬೆಳಗ್ಗೆ ತಾನೇ!" ಅಂದಳು ಮೆರಿಡಿತ್.

*

ಮರುದಿನ ಬೆಳಗ್ಗೆ ಡೆಲ್ಫಿನ್ ರಿಬ್ಬನ್ ಲಂಗ ಉಟ್ಟು, ಏಳರ ಅಳತೆಯನ್ನು ಲೋಟಕ್ಕೆ ಹೊಯ್ದು ತಟ್ಟೆ ಮುಚ್ಚಿಟ್ಟು, ರೋಲಿಯನ್ನು ಎಬ್ಬಿಸಿದಳು. "ಎಂಟಕ್ಕೆ ಸರಿಯಾಗಿ ಮಾಡು. ಇವತ್ತು ಹತ್ತು ಬೆಡ್ ಬರ್ತಿದೆ. ಮರೀಬೇಡ."

"ಹತ್ತು ಬಂದ್ರೆ ಎರಡನೆಯವನಿಗೆ ಸಿಗದೇ ಹೋಗುತ್ತಾ? ಚೀಲ ಕಟ್ಟಿಟ್ಕೊಂಡಿರ್ತೀನಿ," ಅಂದ ರೋಲಿ. ಅವಳು ಬಾಟಲಿ, ಅಳತೆ ಬಟ್ಟಲು ಎರಡನ್ನೂ ಕೋಟಿನ ಒಳಜೇಬಿಗಿಟ್ಟು ಹೊರಟಳು.

ಸಭಾಂಗಣ ಅಂದರೆ ಊರಿನ ಆದಿವಾಸಿಗಳು ದಿನವೂ ಬಂದು ಕೂರುವ ಸಮುದಾಯ ಭವನ. ಚಳಿ ಮೈನಸ್ ಇಪ್ಪತ್ತೆಂಟಕ್ಕೆ ಇಳಿದಿದ್ದರಿಂದ ಬೆಳಗ್ಗೆಯೇ ಜನ ಬಂದಿದ್ದರು. ಅವರ ಕುರ್ಚಿಗಳನ್ನೆಲ್ಲ ಹಿಂದಕ್ಕೆ ತಳ್ಳಿ ಅಡ್ಡ ಒಂದು ನೀಲಿ ಹಗ್ಗ ಕಟ್ಟಿದ್ದರು. ಮುಂದೆ ವೇದಿಕೆ. ವೇದಿಕೆಯ ಪಕ್ಕ ಸಾಲಾಗಿ ಹತ್ತು ಮಂಚ.

ನಿಜವಾಗಿಯೂ ಹತ್ತಿದ್ದವು. ಚಕ್ರದ ಮಂಚಗಳು, ದಪ್ಪ ಹಾಸಿಗೆ, ಬಿಳೀ ಚಾದರ. ಡೆಲ್ಫಿನ್ ಒಂದನ್ನು ಒತ್ತಿ ನೋಡಿದಳು. ಒಳ್ಳೇ ಹಾಸಿಗೆ.

"ಚಾದರ ಕೆಡಿಸ್ಬೇಡಮ್ಮ," ಅಂದರು ಯಾರೋ. ಬಿಳಿಕೂದಲ ಗಟ್ಟಿ ಹೆಂಗಸು. ನರ್ಸಿಂಗ್ ಕಾಲೇಜಿನ ಮೇಡಂ, ಹೆಲ್ವಿ ಅಂತ. "ನಾಲ್ಕೂ ಮೂಲೆ ನಾನೇ ಮಡಚಿದೀನಿ. ಸಂಜೆ ಒಳಗೆ ವಾಪಸ್ ಒಯ್ಯಬೇಕು. ಸೋಮವಾರ ನಮ್ಮ ಹುಡುಗೀರಿಗೆ ಪರೀಕ್ಷೆ."

"ವಾಪಸ್ಸಾ? ಹೊಸ ಬೆಡ್ ಅಂದ್ರಲ್ಲ?"

"ಹೊಸದಾ? ಇವು ನಮ್ಮ ಕಾಲೇಜಿನವು. ಒಂದು ದಿನಕ್ಕೆ ಅಂತ ಕೇಳಿ ತಗೊಂಡ್ರು. ಮಂಚ ಬಿಟ್ಟು ನಾನು ಕದಲಲ್ಲ ಅಂತ ಜೊತೆಗೇ ಬಂದೆ."

ಮೊದಲನೆಯ ಮಂಚದಲ್ಲಿ ಯಾರೋ ಮಲಗಿದ್ದರು. ಕುತ್ತಿಗೆಯವರೆಗೆ ಹೊದಿಕೆ. ಡೆಲ್ಫಿನ್ ಹತ್ತಿರ ಹೋದಳು. ರಬ್ಬರಿನ ಬೊಂಬೆ. ನರ್ಸಿಂಗ್ ಹುಡುಗಿಯರು ಸೂಜಿ ಚುಚ್ಚಲು ಕಲಿಯುವ ಬೊಂಬೆ. ಬಾಯಿ ಅರ್ಧ ತೆರೆದು ಚಾವಣಿ ನೋಡುತ್ತಿತ್ತು.

"ಇವನು ಹೆರಾಲ್ಡ್," ಅಂದರು ಹೆಲ್ವಿ. "ಅವನೂ ಬೇಕಂತೆ. ನಿಜವಾದ ರೋಗಿಯನ್ನ ತೋರಿಸಿದ್ರೆ ಖಾಸಗಿತನಕ್ಕೆ ಧಕ್ಕೆಯಂತೆ."

ಡೆಲ್ಫಿನ್ ಮೆರಿಡಿತ್‌ಳನ್ನು ಹುಡುಕಿ ಹಿಡಿದಳು. ಮೆರಿಡಿತ್ ಮಗುವಿಗೆ ತಿಳಿಹೇಳುವಂತೆ ಹೇಳಿದಳು. "ಬೆಡ್ ಅಂದ್ರೆ ಮಂಚ ಅಲ್ಲ ಡೆಲ್ಫಿನ್. ಬೆಡ್ ಅಂದ್ರೆ ಸಾಮರ್ಥ್ಯ. ಅನುದಾನದ ಭಾಷೆ ಅದು. ಎರಡನೇ ಹಂತದಲ್ಲಿ ಬರುತ್ತೆ, ಮೂರನೇ ವರ್ಷ. ಇವು ಕ್ಯಾಮೆರಾಗೆ. ಸಾಮರ್ಥ್ಯದ ಫೋಟೋ ತೆಗೆಯೋಕಾಗಲ್ವಲ್ಲ!" ನಕ್ಕಳು. ಒಂದು ಹಾಳೆ ಕೈಗಿಟ್ಟಳು. "ಇದು ನಿಮ್ಮ ಮಾತು. ಸ್ವಲ್ಪ ತಿದ್ದಿ ಕೊಟ್ಟಿದ್ದೀವಿ."

ಡೆಲ್ಫಿನ್ ಓದಿದಳು. 'ಈ ಬೆಡ್‌ಗಳು ನನ್ನ ಅಕ್ಕನ ಮಗನ ಜೀವ ಉಳಿಸಿದವು. ಮಂತ್ರಿಗಳಿಗೆ ನಾನು ಚಿರಋಣಿ.'

"ಉಳಿಸಿದವು ಅಂತಿದೆ."

"ಪತ್ರಿಕೆಯವರಿಗೆ ಹಾಗಿದ್ರೆ ಚೆನ್ನಾಗಿರುತ್ತೆ," ಅಂದು ಮೆರಿಡಿತ್ ಓಡಿದಳು.

ಒಂಬತ್ತೂವರೆಗೆ ರೋಲಿ ಬಂದ. ಮೂರು ಕಿಲೋಮೀಟರು ಹಿಮದಲ್ಲಿ ನಡೆದು ಬಂದಿದ್ದ. ರೆಪ್ಪೆಯ ಮೇಲೆ ಮಂಜು ಕಟ್ಟಿತ್ತು. ಭುಜದಲ್ಲಿ ಬಟ್ಟೆಯ ಚೀಲ.

"ಎತ್ತಲಿಲ್ಲ ಚಿಕ್ಕಮ್ಮ. ಎಂಟರಿಂದ ಎಂಟೂವರೆ ತನಕ ಹೊಡೆದೆ. ನಿಮ್ಮ ಕರೆ ನಮಗೆ ಅಮೂಲ್ಯ, ನಿಮ್ಮ ಕರೆ ನಮಗೆ ಅಮೂಲ್ಯ ಅಂತ ಅದೊಂದೇ ರಾಗ."

ಪ್ಯಾಟಿ ಅಲ್ಲೇ ಇದ್ದಳು. ಎದೆಯ ಮೇಲೆ 'ಯಾರೂ ಒಂಟಿಯಲ್ಲ' ಎಂದು ಅಚ್ಚಾದ ಟೀ ಶರ್ಟ್. ಡೆಲ್ಫಿನ್ ಅವಳ ತೋಳು ಹಿಡಿದು ಮೂಲೆಗೆ ಎಳೆದಳು.

"ನಾನೇನೇ ಮಾಡ್ಲಿ?" ಪ್ಯಾಟಿಯ ಕಣ್ಣು ತುಂಬಿತ್ತು. "ಎಂಟೂವರೆಗೆ ಕಂಪ್ಯೂಟರು ತಾನೇ ತೆಗೆದುಹಾಕುತ್ತೆ. ಫೋನ್ ಮಾಡದೆ ಇದ್ದೋರ ಹೆಸರೆಲ್ಲ."

"ಅವನು ಮಾಡಿದಾನೆ."

"ನಾನು ಎತ್ತಿದ್ರೆ ತಾನೇ ಮಾಡಿದ ಹಾಗೆ? ಅವನೊಬ್ಬನದಲ್ಲ, ಮೂವತ್ತೆಂಟು ಜನದ್ದೂ ಹೋಗಿದೆ. ನಾಳೆ ಎಲ್ರೂ ಹೊಸದಾಗಿ ಮಾಡ್ಬೇಕು."

"ಕೈಯಿಂದ ಬರಿ ವಾಪಸ್ಸು."

"ನಂಗೆ ಆ ಅಧಿಕಾರ ಇಲ್ಲ ಡೆಲ್ಫಿನ್."

ರೋಲಿ ಚೀಲ ಎತ್ತಿಕೊಂಡು ಹಗ್ಗದ ಕೆಳಗೆ ನುಸುಳಿ ಹಿಂದೆ ಹೋಗಿ ಕೂತ. ಇಪ್ಪತ್ತೊಂಬತ್ತು ವರ್ಷದ ಗಂಡಸು, ಏಟು ತಿಂದ ನಾಯಿಯ ಹಾಗೆ ಮುದುಡಿ ಕೂತದ್ದನ್ನು ಡೆಲ್ಫಿನ್ ನೋಡಿದಳು. ಇನ್ನೊಂದು ಇಪ್ಪತ್ತಾರು ದಿನ ಇವನು ಬಾಳುವುದಿಲ್ಲ ಅಂತ ಅವಳಿಗೆ ಅನಿಸಿತು. ಅವನಿಗೂ ಅನಿಸಿದೆ ಅಂತಲೂ ಗೊತ್ತಾಯಿತು. ಗೋಡೆಯ ಗಡಿಯಾರ ನೋಡಿದಳು. ಹನ್ನೊಂದಕ್ಕೆ ಅವನಿಗೆ ಕೊಡಬೇಕು.

*

ಮಂತ್ರಿ ಹತ್ತೂಕಾಲಿಗೆ ಬಂದರು. ಬೂದುಕೋಟಿನ ಎತ್ತರದ ಮನುಷ್ಯ. ಮೊದಲು ಮಂಚದ ಬಳಿ ಹೋಗಿ ಹೆರಾಲ್ಡನ ಕೈ ಹಿಡಿದು ತಲೆ ಬಾಗಿಸಿ ನಿಂತರು. ಕ್ಯಾಮೆರಾದವರು ಬೊಂಬೆಯ ಮುಖ ಬಾರದಂತೆ ಪಕ್ಕದಿಂದ ತೆಗೆದರು. ಒಂದು ದಿನವೂ ಫೋನ್ ಮಾಡದೆ ಬೆಡ್ ಸಿಕ್ಕಿದ್ದು ಊರಿಗೆಲ್ಲ ಅವನೊಬ್ಬನಿಗೇ.

ನಂತರ ಮೆರಿಡಿತ್ ಮೈಕಿನ ಮುಂದೆ ನಿಂತು, ನಾವಿರುವ ಈ ನೆಲ ಅನಿಶಿ, ಅನಿಶಾ, ಅನಿಶಿಬಾನೆ ಜನರದು ಎಂದು ಗೌರವಪೂರ್ವಕವಾಗಿ ಸ್ಮರಿಸಿದಳು. ಹಿಂದೆ ಕೂತ ಆ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಸಿದುಕೊಂಡದ್ದು ಕಸಿದುಕೊಂಡರು, ಹೆಸರನ್ನಾದರೂ ನೆಟ್ಟಗೆ ಹೇಳಬಾರದೆ.

ಪ್ರಾರ್ಥನೆ ಮಾಡಲು ಆಂಗಸ್ ಅಜ್ಜನನ್ನು ಕರೆದರು. ಡೆಲ್ಫಿನ್‌ಗೆ ಅವರು ಸೋದರಮಾವ, ಊರಿಗೆಲ್ಲ ಅಜ್ಜ. ಎದ್ದು ಹೋಗುವಾಗ ಅವಳ ಕಿವಿಯ ಹತ್ತಿರ ಬಗ್ಗಿ, "ಎರಡು ನಿಮಿಷದಲ್ಲಿ ದೇವರನ್ನ ಮುಗಿಸ್ಬೇಕಂತೆ ಕಣೆ," ಅಂದರು. ಮೈಕಿನ ಮುಂದೆ ಕಣ್ಣುಮುಚ್ಚಿ, ತಮ್ಮ ಭಾಷೆಯಲ್ಲಿ ಗಂಭೀರವಾಗಿ ಶುರುಮಾಡಿದರು. ಮಂತ್ರಿ, ಅಧಿಕಾರಿಗಳು ಎಲ್ಲರೂ ತಲೆ ತಗ್ಗಿಸಿದರು.

"ಸೃಷ್ಟಿ ಮಾಡಿದವನೇ, ನೋಡಪ್ಪಾ ಇಲ್ಲಿ. ಇವರು ಹಾಸಿಗೆ ತಂದವ್ರೆ, ಮಲಗೋರನ್ನ ಹಗ್ಗ ಕಟ್ಟಿ ಆಚೆ ಇಟ್ಟವ್ರೆ. ಆ ರಬ್ಬರ್ ಮನುಷ್ಯನಿಗೆ ಬೇಗ ವಾಸಿ ಮಾಡು, ಪಾಪ, ಅವನ ನರಳಾಟ ನೋಡಕ್ಕಾಗಲ್ಲ. ಈ ಬೂದುಕೋಟಿನ ದೊಡ್ಡ ಮನುಷ್ಯನಿಗೆ ಭಾಷಣ ಮುಗಿಯೋ ಮುಂಚೆ ಜೋರಾಗಿ ಒಂದಕ್ಕೆ ಬರೋ ಹಾಗೆ ಮಾಡು."

ಹಗ್ಗದಾಚೆ ಭುಜಗಳು ಕುಲುಕಿದವು. ಮುದುಕಿಯರು ಸ್ಕಾರ್ಫಿನಲ್ಲಿ ಬಾಯಿ ಮುಚ್ಚಿಕೊಂಡು ಕಣ್ಣೊರೆಸಿಕೊಂಡರು. ಮೆರಿಡಿತ್ ಅದನ್ನು ಅಳು ಅಂದುಕೊಂಡಳು. ತಾನೂ ಕಣ್ಣೊರೆಸಿಕೊಂಡಳು.

ಮಂತ್ರಿಯ ಭಾಷಣ ಉದ್ದವಿತ್ತು. ಐತಿಹಾಸಿಕ ಅಂದರು. ಯಾರನ್ನೂ ಹಿಂದೆ ಬಿಡುವುದಿಲ್ಲ ಅಂದರು. ಹಗ್ಗ ಅವರಿಗೆ ಕಾಣುತ್ತಿತ್ತು. ಕೊನೆಗೆ ಒಂದು ಚೀಟಿ ತೆಗೆದರು.

"ಒಂದು ಸಂತೋಷದ ಸುದ್ದಿ ಇದೆ. ನಮ್ಮ ಸುಧಾರಣೆಗಳು ಈಗಾಗಲೇ ಫಲ ಕೊಡುತ್ತಿವೆ. ಇವತ್ತು ಬೆಳಗ್ಗೆ ಒಂಬತ್ತು ಗಂಟೆಗೆ ಬಂದ ಅಂಕಿ ಇದು. ಈ ಊರಿನಲ್ಲಿ ಚಿಕಿತ್ಸೆಗಾಗಿ ಕಾಯುತ್ತಿರುವವರ ಸಂಖ್ಯೆ, ಸೊನ್ನೆ!"

ಮುಂದಿನ ಸಾಲಿನವರು ಚಪ್ಪಾಳೆ ತಟ್ಟಿದರು. ಹಿಂದೆ ಸಾಲಾಗಿ ನಿಂತಿದ್ದ ಸಿಬ್ಬಂದಿಯೂ ತಟ್ಟಿದರು. ಪ್ಯಾಟಿ ಮಾತ್ರ ತಟ್ಟಲಿಲ್ಲ.

ಡೆಲ್ಫಿನ್‌ ಹಗ್ಗದಾಚೆ ಕೂತವರನ್ನು ನೋಡಿದಳು. ಸೊನ್ನೆ. ಫೋನ್ ಎತ್ತಲಿಲ್ಲ, ಆದ್ದರಿಂದ ಯಾರೂ ಮಾಡಲಿಲ್ಲ, ಆದ್ದರಿಂದ ಯಾರಿಗೂ ಕಾಯಿಲೆ ಇಲ್ಲ. ಇಷ್ಟು ಸುಲಭ ಅಂತ ಗೊತ್ತಿದ್ದರೆ ಸ್ಮಶಾನಕ್ಕೂ ಒಂದು ಫೋನು ಕೊಡಬಹುದಿತ್ತು, ಯಾರೂ ಸತ್ತೇ ಇಲ್ಲ ಅಂತ ಸಾರಬಹುದಿತ್ತು. ಮೆರಿಡಿತ್ ಅವಳ ಹೆಸರು ಕರೆಯುತ್ತಿದ್ದಳು. ಡೆಲ್ಫಿನ್ ಒಂದು ಕೈಯಲ್ಲಿ ಹಾಳೆ, ಇನ್ನೊಂದರಲ್ಲಿ ಕೆಂಪು ಗಂಟು ಹಿಡಿದು ಮೈಕಿಗೆ ಹೋದಳು.

"ನಾನು ಡೆಲ್ಫಿನ್ ವಬೂಸ್. ಕುಡಿಯೋದು ಬಿಟ್ಟು ಹನ್ನೊಂದು ವರ್ಷ ಆಯ್ತು. ಈ ಹಾಳೇಲಿರೋದನ್ನ ಓದು ಅಂತ ಕೊಟ್ಟಿದ್ದಾರೆ. ಆದ್ರೆ ನಿನ್ನೆ ಈ ಹುಡುಗಿ ನನ್ನ ಕೈಗೆ ಹೊಗೆಸೊಪ್ಪು ಕೊಟ್ಟು ಸತ್ಯ ಹೇಳು ಅಂದ್ಳು. ನಾನು ತಗೊಂಡೆ. ಅದು ಕೈಲಿರೋವಾಗ ಇದನ್ನ ಓದಕ್ಕಾಗಲ್ಲ."

ಹಾಳೆಯನ್ನು ಮಡಚಿ ವೇದಿಕೆಯ ಮೇಲಿಟ್ಟಳು.

"ಹೇಳೇ, ಹೇ‌ಳು," ಹಿಂದಿನಿಂದ ಆಂಗಸ್ ಅಜ್ಜ.

"ಮಂತ್ರಿಗಳು ಕಾಯೋರು ಸೊನ್ನೆ ಅಂದ್ರು. ಆ ಸೊನ್ನೆಗಳನ್ನ ಇವರಿಗೆ ತೋರಿಸ್ಬೇಕು ನಾನು. ಹಗ್ಗದಾಚೆ ಇರೋರು ಕೇಳಿ. ಬೆಡ್ ಬೇಕು ಅಂತ ದಿನಾ ಫೋನ್ ಮಾಡ್ತಿರೋರೆಲ್ಲ ಎದ್ದು ನಿಂತ್ಕೊಳ್ಳಿ. ನಾಚ್ಕೋಬೇಡಿ. ನಾಚ್ಕೋಬೇಕಾದೋರು ಈ ಕಡೆ ಇದ್ದಾರೆ. ಏಳ್ರೋ ಸೊನ್ನೆಗಳಾ!"

ಹಿಂದೆ ಕುರ್ಚಿ ಸರಿದ ಸದ್ದು. ಮಿಲ್ಲಿನ ಹಳೆಯ ಡ್ರೈವರೊಬ್ಬ ಎದ್ದ. "ಹತ್ತೊಂಬತ್ತು ದಿನ," ಅಂದ. ಕೂಸನ್ನು ಅಜ್ಜಿಯ ಕೈಗೆ ಕೊಟ್ಟು ಒಬ್ಬಳು ಎದ್ದಳು. "ಮೂವತ್ಮೂರು." ಮತ್ತೊಬ್ಬ, "ಎಂಟು." ಹದಿನಾಲ್ಕು ಜನ ಎದ್ದರು. ಕೊನೆಯಲ್ಲಿ ಗೋಡೆ ಹಿಡಿದುಕೊಂಡು ರೋಲಿ ಎದ್ದ. "ಇಪ್ಪತ್ತೇಳು."

"ಪ್ಯಾಟಿ," ಅಂದಳು ಡೆಲ್ಫಿನ್, ಮೈಕಿನಲ್ಲೇ. "ಇವತ್ತು ಬೆಳಗ್ಗೆ ಎಂಟಕ್ಕೆ ಫೋನ್ ಯಾರು ಎತ್ತಿದ್ರು?"

ಪ್ಯಾಟಿ ತನ್ನ ಬೂಟು ನೋಡಿದಳು. "ಯಾರೂ ಇಲ್ಲ. ನಮ್ಮನ್ನೆಲ್ಲ ಇಲ್ಲಿ ನಿಲ್ಸಿದ್ರಲ್ಲ."

ಮಂತ್ರಿ ಹಳಬರು. ಎರಡು ಹೆಜ್ಜೆ ಮುಂದೆ ಬಂದು ಡೆಲ್ಫಿನ್‌ಳ ಭುಜದ ಮೇಲೆ ಕೈಯಿಟ್ಟು ಮೈಕು ತಮ್ಮ ಕಡೆ ತಿರುಗಿಸಿಕೊಂಡರು. "ಇದೇ, ಇದೇ ಧೈರ್ಯ ನಮಗೆ ಬೇಕಾಗಿರುವುದು! ಧನ್ಯವಾದ ಡೆಲ್ಫೀನಾ. ನಿಮ್ಮಂಥವರ ದನಿ ಕೇಳಲೆಂದೇ ಸರ್ಕಾರ ಈ ಹೂಡಿಕೆ ಮಾಡುತ್ತಿದೆ!" ತಾವೇ ಚಪ್ಪಾಳೆ ಶುರುಮಾಡಿದರು. ಮುಂದಿನ ಸಾಲು ಎದ್ದು ನಿಂತು ತಟ್ಟಿತು. ಉಗಿದರೂ ಪನ್ನೀರು ಅನ್ನುವ ಜನ.

ಚಪ್ಪಾಳೆಯ ನಡುವೆ ಕುರ್ಚಿ ಬಿದ್ದ ಸದ್ದು ಡೆಲ್ಫಿನ್‌ಗೆ ಕೇಳಿಸಿತು. ಗಡಿಯಾರದಲ್ಲಿ ಹನ್ನೊಂದು ದಾಟಿತ್ತು. ರೋಲಿ ಗೋಡೆಗೆ ಜಾರಿ ಕೂತಿದ್ದ. ದವಡೆ ಕಟಕಟ ಹೊಡೆಯುತ್ತಿತ್ತು. ಅವನ ಪ್ಯಾಂಟು ಒದ್ದೆಯಾಗಿತ್ತು, ಅದನ್ನು ಚೀಲದಿಂದ ಮುಚ್ಚಿಕೊಳ್ಳಲು ನೋಡುತ್ತಿದ್ದ.

ಅವಳು ವೇದಿಕೆಯಿಂದ ಇಳಿದು ಓಡಿದಳು. ಹಗ್ಗ ಕಾಲಿಗೆ ತೊಡರಿತು, ಎಳೆದು ಕಿತ್ತಳು. ಅಕ್ಕನ ಮಗನ ಕಂಕುಳಿಗೆ ಕೈ ಹಾಕಿ ಎತ್ತಿ ನಡೆಸಿಕೊಂಡು ಬಂದಳು. ಕ್ಯಾಮೆರಾಗಳು ದಾರಿ ಬಿಟ್ಟವು. ಮೊದಲನೆಯ ಮಂಚದ ಹೊದಿಕೆ ಎಳೆದಳು. ಹೆರಾಲ್ಡನ ಕಾಲು ಹಿಡಿದು ಎಳೆದು ನೆಲಕ್ಕೆ ಹಾಕಿದಳು. ಬೊಂಬೆಯ ತಲೆ ನೆಲಕ್ಕೆ ಬಡಿದಾಗ ಮುಂದಿನ ಸಾಲಿನಲ್ಲಿ ಯಾರೋ "ಅಯ್ಯೋ" ಅಂದರು. ಬೆಳಗ್ಗೆಯಿಂದ ಅಲ್ಲಿ ಯಾರಾದರೂ ಯಾರಿಗಾದರೂ ಮರುಗಿದ್ದು ಅದೊಂದೇ.

"ಮಲ್ಕೋ ಮಗಾ."

"ಎಲ್ರೂ ನೋಡ್ತಿದಾರೆ ಚಿಕ್ಕಮ್ಮ. ಚಾದರ ಗಲೀಜಾಗುತ್ತೆ."

"ಒಗೆಯೋಳು ನಾನು ತಾನೇ. ಮಲ್ಕೋ."

ಮಲಗಿಸಿದಳು. ಒಳಜೇಬಿನಿಂದ ಬಾಟಲಿ ತೆಗೆದಳು, ಅಳತೆ ಬಟ್ಟಲು ತೆಗೆದಳು. ಚಪ್ಪಾಳೆ ನಿಂತಿತು. ಬೆಳಕಿಗೆ ಹಿಡಿದು ಮೂವತ್ತರ ಗೆರೆಯವರೆಗೆ ಹೊಯ್ದಳು. ವ್ಯಸನಮುಕ್ತಿಯ ಬ್ಯಾನರಿನ ಕೆಳಗೆ, ಮಂತ್ರಿಯ ಕಣ್ಣೆದುರಿಗೆ, ಅವನ ತಲೆ ಎತ್ತಿ ಹಿಡಿದು ವೋಡ್ಕಾ ಕುಡಿಸಿದಳು. ಅರ್ಧ ಗಲ್ಲದ ಮೇಲೆ ಹರಿಯಿತು. ರಿಬ್ಬನ್ ಲಂಗದಲ್ಲಿ ಒರೆಸಿದಳು.

"ಫೋಟೋ ತಗೊಳ್ಳಿ," ಅಂದಳು, ತಿರುಗದೆಯೇ. "ನಿಮ್ಮ ಸಮುದಾಯ ಚಿಕಿತ್ಸೆ ಅಂದ್ರೆ ಇದೇ. ಇಪ್ಪತ್ತೇಳು ದಿನದಿಂದ ನಡೀತಿದೆ. ನನ್ನ ಅಡುಗೆಮನೇಲಿ. ಕುಡುಕಿ ಕೈಲಿ ಬಾಟಲಿ ಕೊಟ್ಟು ಕಾಯಿಸಿದೀರ. ಯಾಕೆ, ಈಗ ಯಾಕೆ ಕ್ಯಾಮೆರಾ ಕೆಳಗಿಳಿಸ್ತೀರ? ತೆಗೀರಿ!"

ಯಾರೂ ತೆಗೆಯಲಿಲ್ಲ. ಮಂತ್ರಿಗೆ ಮುಂದಿನ ಊರಿನ ಹೊತ್ತಾಗಿತ್ತು. ಪಕ್ಕದ ಬಾಗಿಲಿನಿಂದ ಬೇಗಬೇಗ ಹೊರಟರು. "ಒಂದಕ್ಕೆ ಬಂತೂಂತ ಕಾಣುತ್ತೆ," ಅಂದರು ಆಂಗಸ್ ಅಜ್ಜ.

ಹೆಲ್ವಿ ಮೇಡಂ ಬಂದರು. ಚಾದರಕ್ಕೆ ಬೈಯುತ್ತಾರೆ ಅಂದುಕೊಂಡಳು ಡೆಲ್ಫಿನ್. ಅವರು ರೋಲಿಯ ನಾಡಿ ಹಿಡಿದು ಗಡಿಯಾರ ನೋಡಿದರು. ರೆಪ್ಪೆ ಬಿಡಿಸಿದರು. "ನಲವತ್ತು ವರ್ಷ ನರ್ಸ್ ಆಗಿದೀನಿ," ಅಂದರು ಮೆರಿಡಿತ್ ಕಡೆಗೆ. "ಇವನನ್ನ ಈ ಮಂಚದಿಂದ ಎಬ್ಬಿಸಿದ್ರೆ ಸತ್ತುಹೋಗ್ತಾನೆ. ನಿಮ್ಮ ಡಾಕ್ಟರಿಗೆ ಫೋನ್ ಮಾಡಿ. ಎತ್ತೋ ತನಕ ಮಾಡಿ."

ಪ್ಯಾಟಿ ಆಗಲೇ ಮಾಡುತ್ತಿದ್ದಳು.

ಮಿಕ್ಕ ಹದಿಮೂರು ಜನ ಅಲ್ಲಿಯೇ ನಿಂತಿದ್ದರು, ಏನು ಮಾಡಬೇಕೋ ತೋಚದೆ. ಮೂವತ್ತಮೂರು ದಿನದವಳು ಮೊದಲು ನಡೆದು ಬಂದಳು. ಎರಡನೆಯ ಮಂಚದ ಮೇಲೆ ಕೂತಳು. ಬೂಟು ಬಿಚ್ಚಿ ಕಾಲು ಮೇಲೆ ಎತ್ತಿಕೊಂಡಳು. ಅವಳ ಹಿಂದೆ ಡ್ರೈವರು ಬಂದ. ಒಬ್ಬೊಬ್ಬರೇ ಬಂದರು. ಹತ್ತೂ ತುಂಬಿದವು. ನಾಲ್ವರು ಬೇರೆಯವರ ಕಾಲ ಬಳಿ ಕೂತರು.

"ಡೆಲ್ಫಿನ್!" ಮೆರಿಡಿತ್‌ ಓಡಿ ಬಂದಳು. "ನೀವು ಹೊಗೆಸೊಪ್ಪು ತಗೊಂಡು ಮಾತು ಕೊಟ್ಟಿದ್ರಿ. ನಿಮ್ಮ ಸಂಪ್ರದಾಯಕ್ಕಾದ್ರೂ ನೀವು..."

"ಸತ್ಯ ಕೇಳ್ದೆ. ಹೇಳ್ದೆ. ಬೇರೆ ಏನಾದ್ರೂ ಬೇಕಾಗಿದ್ರೆ ಬೇರೆ ಕೇಳ್ಬೇಕಾಗಿತ್ತು."

"ರೋಗಿಗೆ ಹೆಂಡ ಕೊಟ್ಟಿದ್ದು ದೊಡ್ಡ ಅಪರಾಧ. ನಾಳೆಯಿಂದ ನೀವು ಕೆಲಸಕ್ಕೆ ಬರಬೇಡಿ."

"ಬರಲ್ಲ. ಇಲ್ಲೇ ಕೆಲಸ ಇದೆ," ಅಂದು ಡೆಲ್ಫಿನ್ ಬಕೆಟ್ ಹುಡುಕಲು ಹೋದಳು. ರೋಲಿ ವಾಂತಿ ಮಾಡಿಕೊಳ್ಳುವ ಹೊತ್ತು ಹತ್ತಿರವಾಗಿತ್ತು.

ಮಧ್ಯಾಹ್ನದ ಹೊತ್ತಿಗೆ ಡಾಕ್ಟರು ಬೈದುಕೊಂಡೇ ಬಂದ, ಬೈದುಕೊಂಡೇ ಮಾತ್ರೆ ಬರೆದುಕೊಟ್ಟ. ಹೆಲ್ವಿ ಮೇಡಂ ಗಂಟೆಗೊಮ್ಮೆ ನಾಡಿ ನೋಡಿದರು. ಡೆಲ್ಫಿನ್ ಮೂರು ಸಲ ಚಾದರ ಬದಲಿಸಿದಳು.

ನಾಲ್ಕಕ್ಕೆ ಕಾಲೇಜಿನ ಲಾರಿ ಬಂತು. ದಪ್ಪ ಜಾಕೆಟಿನ ಇಬ್ಬರು ಆಳುಗಳು ಒಳಗೆ ಬಂದು ಸಾಲು ನೋಡಿ ನಿಂತುಬಿಟ್ಟರು. ಅವರಿಗೆ ಕೊಟ್ಟ ಚೀಟಿಯಲ್ಲಿ ಹತ್ತು ಮಂಚ ಮಾತ್ರ ಬರೆದಿತ್ತು, ಜನ ಬರೆದಿರಲಿಲ್ಲ. ಒಬ್ಬ ಚೀಟಿ ತಿರುಗಿಸಿ ಹಿಂದೆಯೂ ನೋಡಿದ. ಆಮೇಲೆ ಸಂಕೋಚದಿಂದ ಮೊದಲ ಮಂಚದ ಹತ್ತಿರ ಬಂದು, ಕಂಬಿಯನ್ನು ಮೆಲ್ಲಗೆ ತಟ್ಟಿದ.

"ಸ್ವಲ್ಪ ಏಳಪ್ಪಾ. ಮಂಚ ಬೇಕಾಗಿತ್ತು."

ರೋಲಿ ಕಣ್ಣು ಬಿಟ್ಟ. ತುಟಿ ಒಡೆದಿತ್ತು. ಎರಡೂ ಕೈಯಿಂದ ಮಂಚದ ಕಂಬಿ ಹಿಡಿದುಕೊಂಡ. ಕೈ ಇನ್ನೂ ನಡುಗುತ್ತಿತ್ತು, ಕಂಬಿಯೂ ಜೊತೆಗೆ ನಡುಗಿತು.

"ನಂಗೂ ಬೇಕು," ಅಂದ.